ಗುಡ್ಡದ ಸ್ಪ್ರೂಸ್ ಕಾಡು ಸೊರಗುವುದೇಕೆ? ಮಣ್ಣಿನ ಬಗ್ಗೆ ಓದುಗರ ಪ್ರಶ್ನೆಗಳು

ಯುರೋಪಿನ ಬೆಟ್ಟಸಾಲುಗಳಲ್ಲಿ ಸ್ಪ್ರೂಸ್ ಎಂಬ ಸೂಜಿ ಎಲೆಯ ನಿತ್ಯಹಸಿರು ಮರದ ಕಾಡುಗಳು ಒಣಗುತ್ತಿರುವ ಬಗ್ಗೆ ಓದುಗರಿಂದ ಹಲವು ಪ್ರಶ್ನೆಗಳು ಬಂದಿವೆ. ಹೆಚ್ಚಿನವರು ಆಮ್ಲಮಳೆ ಮತ್ತು ತೊಗಟೆ ಕೊರೆಯುವ ದುಂಬಿಯ ಬಗ್ಗೆ ಕೇಳಿದ್ದಾರೆ. ಎರಡಕ್ಕೂ ಉತ್ತರ ಹುಡುಕಬೇಕಾದದ್ದು ಮಣ್ಣಿನಲ್ಲಿ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಮಣ್ಣಿನದೇ.

ಪ್ರಶ್ನೆ: ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್‌ನ ಎತ್ತರದ ಇಳಿಜಾರಿನಲ್ಲಿ ಕೆಲವು ಸ್ಪ್ರೂಸ್ ಮರಗಳ ಸೂಜಿ ಎಲೆಗಳು ಬಂಗಾರದ ಹಳದಿಗೆ ತಿರುಗಿವೆ. ವಿಚಿತ್ರವೆಂದರೆ ರೆಂಬೆಯ ತುದಿ ಹಸಿರಾಗಿಯೇ ಇದೆ, ಒಳಭಾಗ ಮಾತ್ರ ಹಳದಿ. ಇದು ರೋಗವೋ, ಮಣ್ಣಿನ ದೋಷವೋ?
— ಓದುಗರು, ಸ್ಟುಟ್‌ಗಾರ್ಟ್

ಉತ್ತರ: ತುದಿ ಹಸಿರು, ಒಳಗೆ ಹಳದಿ ಎಂದರೆ ಬಹುಮಟ್ಟಿಗೆ ಮೆಗ್ನೀಸಿಯಂ ಕೊರತೆ. ಮೆಗ್ನೀಸಿಯಂ ಮರದೊಳಗೆ ಸುಲಭವಾಗಿ ಓಡಾಡುವ ಪೋಷಕಾಂಶ. ಮೇ–ಜೂನ್‌ನಲ್ಲಿ ಹೊಸ ಚಿಗುರು ಉದ್ದವಾಗುವಾಗ ಬೇರು ಸಾಕಷ್ಟು ಒದಗಿಸದಿದ್ದರೆ ಮರ ಹಳೆಯ ಸೂಜಿಗಳಿಂದ ಕಿತ್ತು ಹೊಸದಕ್ಕೆ ಕೊಡುತ್ತದೆ. ಅದಕ್ಕೇ ಈ ವರ್ಷದ ಸೂಜಿ ಹಸಿರು, ಎರಡು–ಮೂರು ವರ್ಷದ್ದು ಹಳದಿ.

ಖಾತ್ರಿ ಮಾಡಿಕೊಳ್ಳಲು ಹಳದಿ ರೆಂಬೆಯೊಂದನ್ನು ಮಗುಚಿ ನೋಡಿ. ಬಿಸಿಲು ಬೀಳುವ ಮೇಲ್ಮೈ ಹಳದಿಯಾಗಿದ್ದು, ನೆರಳಿನಲ್ಲಿರುವ ಅಡಿಭಾಗ ಇನ್ನೂ ಹಸಿರಾಗಿದ್ದರೆ ಅನುಮಾನವೇ ಬೇಡ. ಮೆಗ್ನೀಸಿಯಂ ಕಡಿಮೆಯಾದ ಸೂಜಿ ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಬಳಸಿಕೊಳ್ಳಲಾರದು. ಮಿಕ್ಕ ಬೆಳಕೇ ಹರಿತ್ತನ್ನು ಕೆಡಿಸುತ್ತದೆ.

ಇದೇ ಲಕ್ಷಣವೆಂದು ತಪ್ಪು ತಿಳಿಯಬಹುದಾದ ಬೇರೆ ನಾಲ್ಕಾರು ತೊಂದರೆಗಳಿವೆ. ಈ ವರ್ಷದ ಸೂಜಿಗಳ ಮೇಲೆ ಅಡ್ಡಡ್ಡ ಹಳದಿ ಪಟ್ಟಿ ಕಂಡರೆ ಅದು ತುಕ್ಕು ರೋಗ. ಹೊಸ ಸೂಜಿಯೇ ಹಳದಿಯಾಗಿ ಹಳೆಯದು ಹಸಿರಾಗಿ ಉಳಿದರೆ ಕತೆ ಪೂರ್ತಿ ತಲೆಕೆಳಗು: ಅದು ಸುಣ್ಣಕಲ್ಲಿನ ಮಣ್ಣಿನಲ್ಲಿ ಕಬ್ಬಿಣ ಅಥವಾ ಮ್ಯಾಂಗನೀಸ್ ಸಿಗದೆ ಬಂದದ್ದು. ಹೊಸದು ಹಳೆಯದೆನ್ನದೆ ಇಡೀ ಮರ ಮಂಕು ಹಸಿರಾಗಿ, ಸೂಜಿ ಗಿಡ್ಡವಾಗಿದ್ದರೆ ಸಾರಜನಕ ಸಾಲದು. ಇಡೀ ಮರ ಕೆಂಗಂದಾಗಿ, ಬುಡದಲ್ಲಿ ಕಾಫಿಪುಡಿಯಂಥ ಹುಡಿ ಉದುರಿದ್ದರೆ ತೊಗಟೆ ದುಂಬಿ ಬಂದಾಗಿದೆ. ಆ ಮರದ ಮಟ್ಟಿಗೆ ಮಣ್ಣಿನ ಮಾತು ಇನ್ನು ವ್ಯರ್ಥ.

ನೀವು ಕಂಡ ಹಳದಿ 1980ರ ದಶಕದಲ್ಲಿ ಬ್ಲ್ಯಾಕ್ ಫಾರೆಸ್ಟ್, ಫಿಖ್ಟೆಲ್ ಬೆಟ್ಟ, ಹಾರ್ಟ್ಸ್, ಬವೇರಿಯನ್ ಫಾರೆಸ್ಟ್ ಎಲ್ಲೆಡೆ ಹಬ್ಬಿತ್ತು. ಇವೆಲ್ಲ ಬಹುತೇಕ ಗ್ರಾನೈಟ್, ಮರಳುಗಲ್ಲು, ಫಿಲೈಟ್, ಕ್ವಾರ್ಟ್ಜೈಟ್‌ನಂಥ ಬಡ ಶಿಲೆಯ ಪ್ರದೇಶಗಳು. ಈ ಕಲ್ಲು ಕರಗಿ ಕೊಡುವ ಮೆಗ್ನೀಸಿಯಂ ಮೊದಲೇ ಅಲ್ಪ. ಸುಣ್ಣಕಲ್ಲು ಅಥವಾ ಬಸಾಲ್ಟ್ ಮೇಲೆ ನಿಂತ ಸ್ಪ್ರೂಸ್‌ನಲ್ಲಿ ಈ ತುದಿ-ಹಸಿರು-ಒಳ-ಹಳದಿ ಅಪರೂಪ.

ಪ್ರಶ್ನೆ: ನಮ್ಮ ಕಾಫಿ ತೋಟದ ಮಣ್ಣಿನ ರಸಸಾರ (pH) 5ರ ಆಸುಪಾಸು. ಗಿಡ ಚೆನ್ನಾಗಿಯೇ ಇದೆ. ಸ್ಪ್ರೂಸ್ ಹುಳಿ ಮಣ್ಣನ್ನು ಸಹಿಸುವ ಮರ ಎಂದು ಓದಿದ್ದೇನೆ. ಹಾಗಿದ್ದರೆ ಹುಳಿ ಮಣ್ಣಿನಿಂದಲೇ ಅದು ಸಾಯುತ್ತದೆ ಎನ್ನುವುದು ಹೇಗೆ ಸರಿ?
— ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ನಿಮ್ಮ ಆಕ್ಷೇಪ ಸರಿಯಾಗಿದೆ. ರಸಸಾರ ಇಳಿದಷ್ಟೂ ಹುಳಿ ಹೆಚ್ಚು; ಹ್ಯೂಮಸ್ ಪದರದಲ್ಲಿ, ಅಂದರೆ ಎಲೆ–ಸೂಜಿ ಕೊಳೆತು ಆದ ಮೇಲಿನ ಪದರದಲ್ಲಿ, ಅದು 3.5 ಇದ್ದರೂ ಸ್ಪ್ರೂಸ್ ಬೆಳೆಯುತ್ತದೆ. ಹುಳಿ ನೇರವಾಗಿ ಕೊಲ್ಲುವುದಿಲ್ಲ. ಹುಳಿ ಹೆಚ್ಚಿದಾಗ ಮಣ್ಣಿನ ಕಣಗಳ ಮೇಲೆ ಯಾರು ಕೂತಿದ್ದಾರೆ, ಯಾರು ಎದ್ದು ಹೋದರು ಎಂಬುದು ಮುಖ್ಯ.

ಜೇಡಿಕಣ ಮತ್ತು ಹ್ಯೂಮಸ್ ಕಣಗಳ ಮೇಲ್ಮೈಯನ್ನು ಬಸ್ಸಿನ ಸೀಟುಗಳೆಂದು ಇಟ್ಟುಕೊಳ್ಳಿ. ಒಳ್ಳೆಯ ಮಣ್ಣಿನಲ್ಲಿ ಹೆಚ್ಚಿನ ಸೀಟುಗಳಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಕೂತಿರುತ್ತವೆ. ಆಮ್ಲ ಬಂದಾಗ ಹೈಡ್ರೋಜನ್ ಮತ್ತು ಅಲ್ಯೂಮಿನಿಯಂ ಹತ್ತಿ ಅವರನ್ನು ಎಬ್ಬಿಸುತ್ತವೆ. ಎದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಸುಮ್ಮನೆ ನಿಂತಿದ್ದರೆ ಬೇರು ಹೀರಿಕೊಳ್ಳುತ್ತಿತ್ತು. ಆದರೆ ಆಮ್ಲಮಳೆ ತನ್ನ ಜೊತೆ ಸಲ್ಫೇಟ್, ನೈಟ್ರೇಟ್‌ಗಳನ್ನೂ ತರುತ್ತದೆ. ಇವು ಋಣ ವಿದ್ಯುದಂಶದವು. ನೀರಿನೊಂದಿಗೆ ಇಳಿದುಹೋಗುವಾಗ ಜೋಡಿಗೆ ಒಂದು ಧನ ಅಯಾನು ಬೇಕೇ ಬೇಕು. ಮೊದಮೊದಲು ಅವು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಹೊಳೆ ಸೇರುತ್ತವೆ. ಅವು ಮುಗಿದ ಮೇಲೆ ಅಲ್ಯೂಮಿನಿಯಂ ಜೊತೆ ಹೊರಡುತ್ತವೆ. ಬೆಟ್ಟದ ತೊರೆಗಳಲ್ಲಿ ಮೀನು ಸತ್ತದ್ದು ಈ ಹಂತದಲ್ಲಿ.

ಸೀಟುಗಳಲ್ಲಿ ಶೇ. ಎಷ್ಟರಲ್ಲಿ ಕ್ಯಾಲ್ಸಿಯಂ ಬಳಗ ಕೂತಿದೆ ಎನ್ನುವುದಕ್ಕೆ ಪ್ರತ್ಯಾಮ್ಲ ಸಂತೃಪ್ತಿ ಎನ್ನುತ್ತಾರೆ. ಹ್ಯೂಮಸ್ ಕೆಳಗಿನ ಖನಿಜ ಮಣ್ಣಿನಲ್ಲಿ ಇದು ಶೇ. 15–20ಕ್ಕಿಂತ ಕೆಳಗಿಳಿದರೆ ಸ್ಪ್ರೂಸ್‌ಗೆ ಅಪಾಯದ ವಲಯ. ಮಧ್ಯ ಯುರೋಪಿನ ಬೆಟ್ಟದ ಬಡ ಮಣ್ಣುಗಳಲ್ಲಿ ಅದು ಶೇ. 10ಕ್ಕಿಂತ ಕಡಿಮೆ ಇರುವುದೂ ಸಾಮಾನ್ಯ.

ಇದನ್ನು ಹಂತಹಂತವಾಗಿ ಬಿಡಿಸಿಟ್ಟವರು ಜರ್ಮನಿಯ ಗಟಿಂಗನ್ ವಿಶ್ವವಿದ್ಯಾಲಯದ ಮಣ್ಣುವಿಜ್ಞಾನಿ ಬರ್ನ್‌ಹಾರ್ಡ್ ಉಲ್ರಿಚ್. 1960ರ ದಶಕದಿಂದ ಜೊಲಿಂಗ್ ಗುಡ್ಡಗಳ ಬೀಚ್ (ಅಗಲ ಎಲೆಯ ಮರ) ಮತ್ತು ಸ್ಪ್ರೂಸ್ ಕಾಡುಗಳಲ್ಲಿ ಮೇಲಿಂದ ಬಿದ್ದದ್ದೆಷ್ಟು, ಕೆಳಗೆ ಸೋರಿದ್ದೆಷ್ಟು ಎಂದು ಲೆಕ್ಕ ಇಟ್ಟ ತಂಡ ಅವರದು. ಅವರ ಪ್ರಕಾರ ರಸಸಾರ 6.2ಕ್ಕಿಂತ ಮೇಲೆ ಮಣ್ಣಿನಲ್ಲಿರುವ ಸುಣ್ಣವೇ ಆಮ್ಲವನ್ನು ನುಂಗುತ್ತದೆ. 6.2ರಿಂದ 5ರವರೆಗೆ ಸಿಲಿಕೇಟ್ ಖನಿಜಗಳು ಕರಗಿ ಆ ಕೆಲಸ ಮಾಡುತ್ತವೆ, ಆದರೆ ನಿಧಾನವಾಗಿ. 5ರಿಂದ 4.2ರವರೆಗೆ ಮೇಲೆ ಹೇಳಿದ ಸೀಟು ಬದಲಾವಣೆ. 4.2ಕ್ಕಿಂತ ಕೆಳಗೆ ಅಲ್ಯೂಮಿನಿಯಂ ಆಕ್ಸೈಡ್‌ಗಳು ಕರಗತೊಡಗುತ್ತವೆ. ರಸಸಾರ ಒಂದು ಅಂಕ ಇಳಿದರೆ ಆಮ್ಲ ಹೆಚ್ಚುವುದು ಹತ್ತು ಪಟ್ಟು. ಕರಗಬಲ್ಲ ಅಲ್ಯೂಮಿನಿಯಂ ಮಾತ್ರ ತಾತ್ವಿಕವಾಗಿ ಸಾವಿರ ಪಟ್ಟು ಏರುತ್ತದೆ. ನಿಮ್ಮ ತೋಟದ 5ಕ್ಕೂ ಆ ಕಾಡಿನ 4ಕ್ಕೂ ನಡುವಿನ ಅಂತರ ಒಂದೇ ಅಂಕವೆಂದು ಲಘುವಾಗಿ ಕಾಣಬಾರದು ಎನ್ನುವುದು ಇದಕ್ಕೇ.

ಕರಗಿದ ಅಲ್ಯೂಮಿನಿಯಂ ಬೇರಿನ ತುದಿಯ ಕೋಶಭಿತ್ತಿಗೆ ಅಂಟಿಕೊಂಡು ಕ್ಯಾಲ್ಸಿಯಂ, ಮೆಗ್ನೀಸಿಯಂ ಒಳಬರುವ ದಾರಿ ಮುಚ್ಚುತ್ತದೆ. ತುದಿ ದಪ್ಪಗಾಗಿ, ಕಂದಾಗಿ, ಕವಲೊಡೆಯುವುದನ್ನು ನಿಲ್ಲಿಸುತ್ತದೆ. ಅಲ್ಯೂಮಿನಿಯಂ ಎಷ್ಟಿದೆ ಎನ್ನುವುದಕ್ಕಿಂತ ಅದರ ಎದುರು ಕ್ಯಾಲ್ಸಿಯಂ ಎಷ್ಟಿದೆ ಎನ್ನುವುದು ನಿರ್ಣಾಯಕ. ಮಣ್ಣಿನ ದ್ರಾವಣದಲ್ಲಿ ಅಲ್ಯೂಮಿನಿಯಂಗೆ ಕ್ಯಾಲ್ಸಿಯಂನ ಮೋಲ್ ಅನುಪಾತ (ಕಣಗಳ ಎಣಿಕೆಯ ಅನುಪಾತ) 1ಕ್ಕೆ ಇಳಿದರೆ ಹಾನಿಯ ಸಂಭವ ಶೇ. 50, 0.5ಕ್ಕೆ ಇಳಿದರೆ ಶೇ. 75 ಎಂಬುದು ವಿಜ್ಞಾನಿಗಳಾದ ಕ್ರೋನನ್ ಮತ್ತು ಗ್ರಿಗಲ್ 1995ರಲ್ಲಿ ಕೊಟ್ಟ ಅಂದಾಜು. ಇದನ್ನು ಕಟ್ಟುನಿಟ್ಟಿನ ಗಡಿ ಎಂದುಕೊಳ್ಳಬಾರದು. ಕುಂಡದ ಸಸಿಗಳಲ್ಲಿ ಕಂಡ ಹಾನಿ ದೊಡ್ಡ ಮರದಲ್ಲಿ ಅಷ್ಟೇ ಆಗಬೇಕೆಂದಿಲ್ಲ.

ಇನ್ನು ಹ್ಯೂಮಸ್ ಪದರದಲ್ಲಿ ಅಲ್ಯೂಮಿನಿಯಂ ಸಾವಯವ ಆಮ್ಲಗಳಿಗೆ ಕಟ್ಟುಬಿದ್ದು ವಿಷ ಕಳೆದುಕೊಂಡಿರುತ್ತದೆ. ಹಾಗಾಗಿ ಸ್ಪ್ರೂಸ್‌ನ ಎಳೆಬೇರುಗಳು ಕೆಳಗಿನ ಖನಿಜ ಮಣ್ಣನ್ನು ಬಿಟ್ಟು ಮೇಲಿನ ಆ ತೆಳು ಪದರದಲ್ಲೇ ಗುಂಪುಗೂಡುತ್ತವೆ. ಸ್ಪ್ರೂಸ್ ಬೇರು ಮೊದಲೇ ಚಪ್ಪಟೆ. ಈಗ ಇನ್ನೂ ಮೇಲೆ. ಬೇಸಿಗೆಯಲ್ಲಿ ಮೊದಲು ಒಣಗುವುದು ಆ ಪದರವೇ. ಬಿರುಗಾಳಿಗೆ ತಡೆ ಕೊಡದ ಪದರವೂ ಅದೇ. ಬರಗಾಲ, ಗಾಳಿ, ದುಂಬಿ ಯಾವುದೇ ಬಂದರೂ ಮರ ಸೋಲುವ ಕಾರಣ ಹೀಗೆ ನೆಲದಡಿಯಲ್ಲಿ ಮೊದಲೇ ಸಿದ್ಧವಾಗಿರುತ್ತದೆ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಬೆಂಗಳೂರಿನ ನರ್ಸರಿಗಳಲ್ಲಿ ಸಿಗುವ ಕ್ರಿಸ್ಮಸ್ ಗಿಡ ಸ್ಪ್ರೂಸ್ ತಾನೇ? ಅದೇಕೆ ಇಲ್ಲಿ ಚೆನ್ನಾಗಿರುತ್ತದೆ?
— ಓದುಗರು, ಮಲ್ಲೇಶ್ವರ

ಉತ್ತರ: ಅಲ್ಲ. ಅದು ಸಾಮಾನ್ಯವಾಗಿ ಅರೌಕೇರಿಯಾ, ದಕ್ಷಿಣ ಗೋಳಾರ್ಧದ ಮರ. ಚಳಿಗಾಲದ ಸುಪ್ತಾವಸ್ಥೆ ಬೇಕಾದ ಸ್ಪ್ರೂಸ್‌ಗೆ ಬೆಂಗಳೂರಿನ ಹವೆ ಹೇಳಿಸಿದ್ದಲ್ಲ.

ಪ್ರಶ್ನೆ: ನಮ್ಮಲ್ಲಿ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಕು ತರುತ್ತೇವೆ. ಜರ್ಮನಿಯ ಕಾಡುಗಳಲ್ಲೂ ಹಿಂದೆ ತರಗು ಗುಡಿಸಿ ಒಯ್ಯುತ್ತಿದ್ದರಂತೆ. ಅದರಿಂದ ಮಣ್ಣು ಹುಳಿಯಾಯಿತೆನ್ನುವುದು ನಿಜವೇ?
— ಅಡಿಕೆ ಕೃಷಿಕರು, ಶಿರಸಿ

ಉತ್ತರ: ನಿಜ. ಆಮ್ಲಮಳೆಗಿಂತ ಬಹಳ ಮೊದಲೇ ಆ ಕಾಡುಗಳ ಮಣ್ಣು ಬಡವಾಗಿತ್ತು ಎಂಬುದು ಚರ್ಚೆಯಲ್ಲಿ ಅನೇಕ ಬಾರಿ ಮರೆತುಹೋಗುತ್ತದೆ.

ಹುಲ್ಲು ಕಡಿಮೆಯಿದ್ದ ಮಧ್ಯ ಯುರೋಪಿನ ರೈತರು ಕೊಟ್ಟಿಗೆಗೆ ಹಾಸಲು ಕಾಡಿನ ತರಗನ್ನು ಕುಂಟೆಯಿಂದ ಎಳೆದು ಒಯ್ಯುತ್ತಿದ್ದರು. 19ನೇ ಶತಮಾನವಿಡೀ ಇದು ಜೋರಾಗಿತ್ತು, ಕೆಲವೆಡೆ 20ನೇ ಶತಮಾನಕ್ಕೂ ಮುಂದುವರಿಯಿತು. ಮರ ಒಂದು ಕ್ಯಾಲ್ಸಿಯಂ ಹೀರುವಾಗ ವಿದ್ಯುದಂಶ ಸರಿದೂಗಿಸಲು ಮಣ್ಣಿಗೆ ಹೈಡ್ರೋಜನ್ ಬಿಡುತ್ತದೆ. ಎಲೆ ಅಲ್ಲೇ ಬಿದ್ದು ಕೊಳೆತರೆ ಆ ಹುಳಿ ತಟಸ್ಥವಾಗಿ ಲೆಕ್ಕ ಸರಿಹೋಗುತ್ತದೆ. ಎಲೆಯನ್ನು ಹೊತ್ತು ಒಯ್ದರೆ ಹುಳಿ ಕಾಡಿನಲ್ಲಿ ಉಳಿಯುತ್ತದೆ, ಕ್ಯಾಲ್ಸಿಯಂ ಹೊಲ ಸೇರುತ್ತದೆ. ಇದರಲ್ಲಿ ಜರ್ಮನಿ, ಮಲೆನಾಡು ಎಂಬ ಭೇದವಿಲ್ಲ. ಬೆಟ್ಟದ ಸೊಪ್ಪು ತೋಟಕ್ಕೆ ಹೋಗಿ ಮರಳಿ ಬೆಟ್ಟಕ್ಕೆ ಬಾರದಿದ್ದರೆ ಅಲ್ಲೂ ಇದೇ ಲೆಕ್ಕ. ಆದರೆ ಸ್ಪ್ರೂಸ್ ಕಾಡಿನ ಸಂಖ್ಯೆಗಳನ್ನು ತಂದು ಸೊಪ್ಪಿನ ಬೆಟ್ಟಕ್ಕೆ ಹೊಂದಿಸಬೇಡಿ. ಮಣ್ಣು ಬೇರೆ, ಮರ ಬೇರೆ, ಮಳೆಯ ಪ್ರಮಾಣವೂ ಬೇರೆ.

ಅಲ್ಲಿ ಇನ್ನೊಂದು ಅನಾಹುತ ಸೇರಿಕೊಂಡಿತು. ಬೀಚ್ ಮತ್ತು ಸೂಜಿ ಎಲೆಯ ಸಿಲ್ವರ್ ಫರ್ ಬೆರೆತಿದ್ದ ಕಾಡುಗಳನ್ನು ಕಡಿದು, 18ನೇ ಶತಮಾನದ ಕೊನೆಯಿಂದ ಬರೀ ಸ್ಪ್ರೂಸ್ ನೆಟ್ಟರು. ಬೇಗ ಬೆಳೆಯುತ್ತದೆ, ನೆಟ್ಟಗೆ ಬೆಳೆಯುತ್ತದೆ, ಗಣಿಗೆ ತೊಲೆಯಾಗುತ್ತದೆ. ಸ್ಪ್ರೂಸ್ ಸೂಜಿ ಬೇಗ ಕೊಳೆಯದೆ ನೆಲದ ಮೇಲೆ ಹುಳಿಯಾದ ದಪ್ಪ ಹಾಸಾಗುತ್ತದೆ. ಸಾಲದ್ದಕ್ಕೆ, ವರ್ಷವಿಡೀ ಸೂಜಿ ತೊಟ್ಟ ಸ್ಪ್ರೂಸ್ ಮಂಜು ಮತ್ತು ಗಾಳಿಯಲ್ಲಿನ ಗಂಧಕವನ್ನು ಬಾಚಿಕೊಳ್ಳುವುದರಲ್ಲಿ ನಿಸ್ಸೀಮ. ಜೊಲಿಂಗ್‌ನ ಅಳತೆಗಳಲ್ಲಿ ಸ್ಪ್ರೂಸ್ ಅಡಿಯ ನೆಲಕ್ಕೆ ಬಿದ್ದ ಗಂಧಕ, ಪಕ್ಕದ ಬೀಚ್ ಕಾಡಿನದಕ್ಕಿಂತ ಬಹಳ ಹೆಚ್ಚು. ಮಳೆ ಒಂದೇ, ಮೋಡ ಒಂದೇ. ಫಲ ಮಾತ್ರ ಬೇರೆ ಬೇರೆ.

ಈಗಲೂ ಮರವನ್ನು ರೆಂಬೆ, ಸೂಜಿ ಸಮೇತ ಎಳೆದು ಸೌದೆಚಿಪ್ಸ್ ಮಾಡುವವರಿದ್ದಾರೆ. ತೂಕದಲ್ಲಿ ಸೂಜಿ–ಸಣ್ಣರೆಂಬೆಗಳ ಪಾಲು ಚಿಕ್ಕದು, ಪೋಷಕಾಂಶದಲ್ಲಿ ದೊಡ್ಡದು. ಬಡ ಮಣ್ಣಿನಲ್ಲಿ ಇದು ತರಗು ಗುಡಿಸುವುದರ ಯಂತ್ರಯುಗದ ರೂಪ. ಕಾಂಡ ಮಾತ್ರ ಒಯ್ದು ಉಳಿದದ್ದನ್ನು ಅಲ್ಲೇ ಹರಡಬೇಕು.

ಪ್ರಶ್ನೆ: 1980ರ ದಶಕದಲ್ಲಿ ‘ಕಾಡು ಸಾಯುತ್ತಿದೆ’ ಎಂದು ಜರ್ಮನಿಯಲ್ಲಿ ಎದ್ದ ಕೂಗು ಸುಳ್ಳು ಎಚ್ಚರಿಕೆಯಾಗಿತ್ತೆಂದು ಕೆಲವರು ಹೇಳುತ್ತಾರೆ. ಗಂಧಕದ ಹೊಗೆ ನಿಂತು ಮೂರು ದಶಕ ಕಳೆದರೂ ಮಣ್ಣು ಸುಧಾರಿಸಿಲ್ಲ ಎಂದು ಇನ್ನು ಕೆಲವರು. ಎರಡೂ ಹೇಗೆ ಸಾಧ್ಯ?
— ಅರಣ್ಯಶಾಸ್ತ್ರ ವಿದ್ಯಾರ್ಥಿ, ಪೊನ್ನಂಪೇಟೆ

ಉತ್ತರ: ಎರಡು ಬೇರೆ ಘಟನೆಗಳನ್ನು ಒಂದೇ ಹೆಸರಿನಲ್ಲಿ ಕರೆದದ್ದರಿಂದ ಬಂದ ಗೊಂದಲ ಇದು.

ಮೊದಲನೆಯದು ಚೆಕ್, ಪೋಲೆಂಡ್, ಆಗಿನ ಪೂರ್ವ ಜರ್ಮನಿ ಸೇರುವಲ್ಲಿನ ‘ಕಪ್ಪು ತ್ರಿಕೋನ’. ಕ್ರುಶ್ನೆ ಹೋರಿ, ಯಿಜೆರಾ ಬೆಟ್ಟಗಳ ತಪ್ಪಲಲ್ಲಿ ಗಂಧಕ ತುಂಬಿದ ಕಂದು ಕಲ್ಲಿದ್ದಲನ್ನು ಸುಡುವ ವಿದ್ಯುತ್ ಸ್ಥಾವರಗಳಿದ್ದವು. ಅಲ್ಲಿ ಸಲ್ಫರ್ ಡೈಆಕ್ಸೈಡ್ ನೇರವಾಗಿ ಸೂಜಿಯೊಳಗೆ ಹೊಕ್ಕು ಸುಟ್ಟಿತು. ಹತ್ತಾರು ಸಾವಿರ ಹೆಕ್ಟೇರ್ ಕಾಡು ಅಕ್ಷರಶಃ ಸತ್ತಿತು. ಇದನ್ನು ಸುಳ್ಳೆನ್ನುವವರು ಆ ಬೆಟ್ಟಗಳ ಆಗಿನ ಫೋಟೊಗಳನ್ನು ನೋಡಿಲ್ಲ. ಆಮೇಲೆ ಬುಲ್ಡೋಜರ್ ತಂದು ಸತ್ತ ಬೊಡ್ಡೆಗಳ ಜೊತೆ ಹ್ಯೂಮಸ್ ಪದರವನ್ನೂ ಕೆರೆದು ಸಾಲುಸಾಲು ದಿಬ್ಬ ಮಾಡಿದರು, ನಡುವಿನ ಬೋಳು ನೆಲದಲ್ಲಿ ಗಿಡ ನೆಟ್ಟರು. ನಾಟಿಗೆ ಸುಲಭವಾಯಿತೇನೋ ಹೌದು, ಆದರೆ ಅಳಿದುಳಿದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಾರಜನಕ ಎಲ್ಲ ದಿಬ್ಬದಲ್ಲಿ, ಸಸಿ ಮಾತ್ರ ಬರಡಿನಲ್ಲಿ. ಹೊಗೆ ತಾಳುತ್ತದೆಂದು ಅಮೆರಿಕದ ನೀಲಿ ಸ್ಪ್ರೂಸ್ ನೆಟ್ಟರು. ಮುಂದೆ ಅದರ ಮೊಗ್ಗಿಗೆ ಶಿಲೀಂಧ್ರ ರೋಗ ಬಂದು ಅದೂ ಕೆಟ್ಟಿತು. ಬಳಿಕ ಆ ದಿಬ್ಬಗಳನ್ನು ಒಡೆದು ಹ್ಯೂಮಸ್ ಮತ್ತೆ ಹರಡುವ ಕೆಲಸ ಮಾಡಬೇಕಾಯಿತು.

ಎರಡನೆಯದು ಪಶ್ಚಿಮ ಜರ್ಮನಿಯ ಬೆಟ್ಟಗಳದು: ಸೂಜಿ ಉದುರುವುದು, ಹಳದಿಯಾಗುವುದು, ಮಣ್ಣಿನ ಹಾದಿಯಲ್ಲಿ ಮೆಲ್ಲಗೆ ನಡೆದದ್ದು. ಎಲ್ಲ ಕಾಡೂ ನಾಶವಾಗುತ್ತದೆಂಬ ಭವಿಷ್ಯವಾಣಿ ಇಲ್ಲಿ ನಿಜವಾಗಲಿಲ್ಲ. ಆದರೆ ಭವಿಷ್ಯ ಸುಳ್ಳಾದದ್ದಕ್ಕೆ ಒಂದು ಕಾರಣ ಜನ ಅದನ್ನು ನಂಬಿ ಕೆಲಸ ಮಾಡಿದ್ದು. 1983ರಲ್ಲಿ ಪಶ್ಚಿಮ ಜರ್ಮನಿ ದೊಡ್ಡ ಸ್ಥಾವರಗಳ ಹೊಗೆಗೆ ಕಡಿವಾಣ ಹಾಕಿತು. 1985ರ ಹೆಲ್ಸಿಂಕಿ ಒಪ್ಪಂದ ಗಂಧಕವನ್ನು ಶೇ. 30 ಇಳಿಸಲು ದೇಶಗಳನ್ನು ಕಟ್ಟಿಹಾಕಿತು. 1980ರಿಂದೀಚೆಗೆ ಯುರೋಪಿನ ಗಂಧಕದ ಹೊಗೆ ಶೇ. 80ಕ್ಕೂ ಹೆಚ್ಚು ಇಳಿದಿದೆ.

ಹಾಗಾದರೆ ಮಣ್ಣು ಯಾಕೆ ಹಿಂದೆ ಬಿದ್ದಿದೆ? ದಶಕಗಟ್ಟಲೆ ಬಂದ ಸಲ್ಫೇಟ್‌ನ ಒಂದು ಭಾಗವನ್ನು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡ್‌ಗಳು ಹಿಡಿದಿಟ್ಟುಕೊಂಡಿದ್ದವು. ಮಳೆ ಶುದ್ಧವಾದ ಮೇಲೆ ಅದು ಕೊಂಚಕೊಂಚವೇ ಬಿಡುಗಡೆಯಾಗಿ, ಹೋಗುವಾಗ ಮತ್ತೆ ಕ್ಯಾಲ್ಸಿಯಂ ಎಳೆದೊಯ್ಯುತ್ತದೆ. ಹೋದದ್ದನ್ನು ತುಂಬಬೇಕಾದದ್ದು ಕಲ್ಲಿನ ಸವೆತ. ಗ್ರಾನೈಟ್ ಬೆಟ್ಟದಲ್ಲಿ ಅದು ದಶಕಗಳಲ್ಲ, ಶತಮಾನಗಳ ಕೆಲಸ.

ಇದರ ಜೊತೆ ಸಾರಜನಕ. ಗಂಧಕ ಇಳಿದಷ್ಟು ಇದು ಇಳಿದಿಲ್ಲ. ವಾಹನಗಳ ಹೊಗೆ, ಹಸು–ಹಂದಿ ಫಾರ್ಮ್‌ಗಳ ಅಮೋನಿಯಾ ಇನ್ನೂ ಬರುತ್ತಿದೆ. ಹೆಕ್ಟೇರಿಗೆ ವರ್ಷಕ್ಕೆ 10–15 ಕಿಲೋ ದಾಟಿದರೆ ಸೂಜಿಮರದ ಕಾಡಿನ ಸಮತೋಲ ತಪ್ಪುತ್ತದೆ ಎಂಬುದು ಬಹುಕಾಲದ ಅಂದಾಜು. ಅದರ ಎರಡು–ಮೂರು ಪಟ್ಟು ಬಿದ್ದ ಕಡೆಗಳಿವೆ. ಸಾರಜನಕ ಸಿಕ್ಕರೆ ಮರ ಮೇಲಕ್ಕೆ ಚಿಮ್ಮುತ್ತದೆ, ಮೆಗ್ನೀಸಿಯಂ ಹೆಚ್ಚು ಕೇಳುತ್ತದೆ, ಬೇರಿಗೂ ಬೇರಿಗೆ ನೆರವಾಗುವ ಶಿಲೀಂಧ್ರಕ್ಕೂ ಕಡಿಮೆ ಸಕ್ಕರೆ ಕಳಿಸುತ್ತದೆ. ಫಿಖ್ಟೆಲ್ ಬೆಟ್ಟದ ಸ್ಪ್ರೂಸ್‌ಗಳನ್ನು ಅಧ್ಯಯನ ಮಾಡಿ ವಿಜ್ಞಾನಿ ಇ. ಡಿ. ಶುಲ್ಟ್ಸ 1989ರಲ್ಲಿ ತೋರಿಸಿದ್ದು ಇದನ್ನೇ: ಬರೀ ಮೆಗ್ನೀಸಿಯಂ ಕಡಿಮೆಯಾದ್ದಲ್ಲ, ಹೆಚ್ಚಾದ ಸಾರಜನಕದ ಎದುರು ಕಡಿಮೆಯಾದದ್ದು.

ಪ್ರಶ್ನೆ: ಹೆಲಿಕಾಪ್ಟರಿನಿಂದ ಕಾಡಿಗೆ ಸುಣ್ಣ ಎರಚುವ ವಿಡಿಯೊ ನೋಡಿದೆ. ಎಷ್ಟು ಹಾಕುತ್ತಾರೆ? ನಾವು ಕಾಫಿಗೆ ಹಾಕುವಂತೆ ಮೂರು ವರ್ಷಕ್ಕೊಮ್ಮೆ ಹಾಕಿದರೆ ಬೇಗ ಗುಣವಾಗದೇ?
— ಓದುಗರು, ಸಕಲೇಶಪುರ

ಉತ್ತರ: ಜರ್ಮನಿಯ ರೂಢಿಯ ಪ್ರಮಾಣ ಹೆಕ್ಟೇರಿಗೆ 3 ಟನ್ ಪುಡಿ ಡಾಲಮೈಟ್, ಅಂದರೆ ಎಕರೆಗೆ 1.2 ಟನ್, ಚದರ ಮೀಟರಿಗೆ 300 ಗ್ರಾಂ. ಮತ್ತೆ ಹಾಕುವುದಿದ್ದರೆ ಹತ್ತು ವರ್ಷದ ನಂತರ, ಅದೂ ಮಣ್ಣು ಪರೀಕ್ಷೆ ಮಾಡಿಸಿ. ಡಾಲಮೈಟನ್ನೇ ಆರಿಸುವುದಕ್ಕೆ ಕಾರಣ ಅದರಲ್ಲಿ ಮೆಗ್ನೀಸಿಯಂ ಇರುವುದು: ಶುದ್ಧ ಡಾಲಮೈಟ್‌ನಲ್ಲಿ ಶೇ. 13 ಮೆಗ್ನೀಸಿಯಂ, ಶೇ. 22ರಷ್ಟು ಕ್ಯಾಲ್ಸಿಯಂ. ಬರೀ ಕ್ಯಾಲ್ಸಿಯಂ ಸುಣ್ಣ ಹಾಕಿದರೆ ಅದು ಇದ್ದಬದ್ದ ಮೆಗ್ನೀಸಿಯಂ, ಪೊಟ್ಯಾಸಿಯಂ ಜೊತೆ ಪೈಪೋಟಿಗಿಳಿದು ಹಳದಿಯನ್ನು ಹೆಚ್ಚಿಸಬಹುದು. ಸುಟ್ಟ ಸುಣ್ಣವನ್ನಂತೂ ಮುಟ್ಟಲೇಬಾರದು. ಪಾಚಿ ಸುಟ್ಟುಹೋಗುತ್ತದೆ, ಹ್ಯೂಮಸ್ ಒಮ್ಮೆಲೇ ಕರಗತೊಡಗುತ್ತದೆ.

ರಸ್ತೆ ಹತ್ತಿರವಿದ್ದರೆ ಟ್ರ್ಯಾಕ್ಟರಿನ ಊದುಯಂತ್ರ ಸಾಕು. ಕಡಿದಾದ ಇಳಿಜಾರಿಗೆ ಹೆಲಿಕಾಪ್ಟರ್. ಜೌಗು, ಕುಡಿಯುವ ನೀರಿನ ಬುಗ್ಗೆ, ಹುಳಿ ನೆಲದ ಅಪರೂಪದ ಸಸ್ಯಗಳಿರುವ ಜಾಗಗಳನ್ನು ನಕ್ಷೆಯಲ್ಲಿ ಮೊದಲೇ ಗುರುತಿಸಿ ಬಿಡುತ್ತಾರೆ.

ಮೂರು ವರ್ಷಕ್ಕೊಮ್ಮೆ ಏಕೆ ಬೇಡ? ತೋಟದಲ್ಲಿ ನೀವು ಸುಣ್ಣವನ್ನು ಮಣ್ಣಿಗೆ ಬೆರೆಸಬಲ್ಲಿರಿ. ಕಾಡಿನಲ್ಲಿ ಅದು ಹ್ಯೂಮಸ್ ಮೇಲೆ ಬಿದ್ದಲ್ಲೇ ಇರುತ್ತದೆ. ಹತ್ತು ವರ್ಷ ಕಳೆದರೂ ಖನಿಜ ಮಣ್ಣಿನ ಮೇಲಿನ 5–10 ಸೆಂ.ಮೀ. ಆಚೆಗೆ ಅದರ ಪ್ರಭಾವ ಅಲ್ಪ. ಹೆಚ್ಚು ಹಾಕಿದಷ್ಟೂ ಮೇಲಿನ ಪದರ ಮಾತ್ರ ರುಚಿಕರವಾಗಿ, ಬೇರು ಇನ್ನಷ್ಟು ಮೇಲಕ್ಕೆ ಬರುತ್ತದೆ. ಬರಕ್ಕೆ ಅಂಜುವ ಮರಕ್ಕೆ ಇದಕ್ಕಿಂತ ಕೆಟ್ಟ ಉಪಕಾರವಿಲ್ಲ. ಎರಡನೆಯ ಅಪಾಯ ನೈಟ್ರೇಟ್. ರಸಸಾರ ಏರಿದೊಡನೆ ಬ್ಯಾಕ್ಟೀರಿಯಾ, ಎರೆಹುಳು ಚುರುಕಾಗಿ, ಹಾಸಿನಲ್ಲಿ ಕೂಡಿಟ್ಟ ಸಾರಜನಕ ನೈಟ್ರೇಟ್ ಆಗಿ ಸೋರುತ್ತದೆ. ಸೋರುವಾಗ ನೀವು ಹಾಕಿದ ಕ್ಯಾಲ್ಸಿಯಂನ ಪಾಲನ್ನೂ ಒಯ್ಯುತ್ತದೆ. ಬವೇರಿಯಾದ ಹೋಗ್ಲ್‌ವಾಲ್ಡ್ ಪ್ರಯೋಗದಲ್ಲಿ 1984ರಲ್ಲಿ ಹೆಕ್ಟೇರಿಗೆ 4 ಟನ್ ಡಾಲಮೈಟ್ ಹಾಕಿದಾಗ ಸೋರುನೀರಿನ ನೈಟ್ರೇಟ್ ಏರಿತು. ಅಲ್ಲಿ ಸಾರಜನಕ ಮೊದಲೇ ತುಂಬಿತ್ತು.

ಮೆಗ್ನೀಸಿಯಂ ಕೊರತೆಯೊಂದೇ ಸಮಸ್ಯೆ, ಬೇಗ ಗುಣ ಬೇಕು ಎಂದರೆ ಕೀಸರೈಟ್ ಹಾಕಬಹುದು. ಅದು ಮೆಗ್ನೀಸಿಯಂ ಸಲ್ಫೇಟ್; ಗೊಬ್ಬರದ ರೂಪದಲ್ಲಿ ಶೇ. 16ರಷ್ಟು ಮೆಗ್ನೀಸಿಯಂ. ನೀರಿನಲ್ಲಿ ಕರಗಿ ಬೇರಿಗೆ ಬೇಗ ತಲಪುತ್ತದೆ. ಆದರೆ ಮಣ್ಣಿನ ಹುಳಿಯನ್ನು ಒಂದಿಷ್ಟೂ ಇಳಿಸುವುದಿಲ್ಲ. ನಮ್ಮ ಅಭಿಪ್ರಾಯ: ಡಾಲಮೈಟ್ ಕಾಡನ್ನು ಗುಣಪಡಿಸುವ ಮದ್ದಲ್ಲ, ಹೊರಗಿನಿಂದ ಬಂದ ಆಮ್ಲದ ಬಾಕಿ ತೀರಿಸುವ ಕ್ರಮ. ಅಷ್ಟಕ್ಕೇ ಇಟ್ಟುಕೊಂಡರೆ ಅದು ಒಳ್ಳೆಯದೇ.

ಪ್ರಶ್ನೆ: ಅಮೆರಿಕದ ವರ್ಮಾಂಟ್‌ನ ಬೆಟ್ಟಗಳಲ್ಲಿ ಚಳಿಗಾಲ ಮುಗಿಯುವಾಗ ಕೆಂಪು ಸ್ಪ್ರೂಸ್‌ನ ತುದಿಗಳೇ ಕಂದಾಗಿರುವುದನ್ನು ಕಾಣುತ್ತೇವೆ. ಇದು ಹಿಮದ ಹಾನಿ ಎನ್ನುತ್ತಾರೆ. ಮಣ್ಣಿಗೂ ಇದಕ್ಕೂ ಸಂಬಂಧವಿದೆಯೇ?
— ಓದುಗರು, ಬರ್ಲಿಂಗ್ಟನ್

ಉತ್ತರ: ಇದೆ. ಇಲ್ಲಿ ಮುಖ್ಯ ಪಾತ್ರ ಮೆಗ್ನೀಸಿಯಂನದಲ್ಲ, ಕ್ಯಾಲ್ಸಿಯಂನದು. ಅದಕ್ಕೇ ಲಕ್ಷಣವೂ ಜರ್ಮನಿಯದಕ್ಕೆ ಉಲ್ಟಾ: ಕಳೆದ ಬೇಸಿಗೆಯ ಹೊಸ ಸೂಜಿ ಕಂದು, ಹಳೆಯದು ಹಸಿರು. ಸೂಜಿಯ ಕೋಶಪೊರೆಗೆ ಅಂಟಿರುವ ಕ್ಯಾಲ್ಸಿಯಂ ಚಳಿ ತಾಳುವ ಶಕ್ತಿ ಕೊಡುತ್ತದೆ. ಆಮ್ಲದ ಮಂಜು ಅದನ್ನು ಸೂಜಿಯಿಂದಲೇ ತೊಳೆಯುತ್ತದೆ. ಬರಿದಾದ ಮಣ್ಣು ಅದನ್ನು ಮತ್ತೆ ತುಂಬಿಕೊಡಲಾರದು. ಬಲಿತ ಚಳಿಗಾಲದಲ್ಲೂ ಕೆಂಪು ಸ್ಪ್ರೂಸ್ ತಾಳುವ ಮಿತಿ ಸುಮಾರು ಮೈನಸ್ 40 ಡಿಗ್ರಿ ಸೆಲ್ಸಿಯಸ್; ವರ್ಮಾಂಟ್ ಬೆಟ್ಟದ ಚಳಿ ಆ ಗಡಿಯ ಹತ್ತಿರಕ್ಕೆ ಬರುತ್ತದೆ. ಅದರಲ್ಲಿ ಕೆಲವು ಡಿಗ್ರಿ ಕಳೆದುಕೊಂಡರೂ ಸಾಕು, ಸೂಜಿ ಸಾಯುತ್ತದೆ. ನಿಮ್ಮ ಹತ್ತಿರದ ಕ್ಯಾಮಲ್ಸ್ ಹಂಪ್‌ನಲ್ಲಿ 1960ರ ದಶಕದ ನಡುವಿನಿಂದ 1980ರ ಆರಂಭದೊಳಗೆ ಎತ್ತರದ ಕೆಂಪು ಸ್ಪ್ರೂಸ್ ಸುಮಾರು ಅರ್ಧಕ್ಕೆ ಇಳಿದಿತ್ತು.

ಮಣ್ಣಿನ ಪಾಲನ್ನು ಖಚಿತಪಡಿಸಿದ್ದು ನ್ಯೂ ಹ್ಯಾಂಪ್‌ಶೈರ್‌ನ ಹಬ್ಬರ್ಡ್ ಬ್ರೂಕ್ ಎಂಬ ಸಂಶೋಧನಾ ಕಾಡು. 1999ರಲ್ಲಿ ಅಲ್ಲಿನ ಒಂದು ಇಡೀ ಜಲಾನಯನಕ್ಕೆ ಹೆಲಿಕಾಪ್ಟರಿನಿಂದ ವೊಲಾಸ್ಟೊನೈಟ್, ಅಂದರೆ ಕ್ಯಾಲ್ಸಿಯಂ ಸಿಲಿಕೇಟ್ ಹಾಕಿದರು. 2003ರಲ್ಲಿ ಆ ಭಾಗದಲ್ಲೆಲ್ಲ ಚಳಿಯ ಹಾನಿ ತೀವ್ರವಾದಾಗ ಕ್ಯಾಲ್ಸಿಯಂ ಸಿಕ್ಕ ಜಲಾನಯನದ ಸ್ಪ್ರೂಸ್‌ಗಳಿಗೆ ಪೆಟ್ಟು ಕಡಿಮೆ. 1990ರ ವಾಯು ಕಾಯ್ದೆಯ ತಿದ್ದುಪಡಿಯ ನಂತರ ಹೊಗೆ ಇಳಿದು, ಚಳಿಗಾಲವೂ ಮೆದುವಾಗಿ, ಈಚಿನ ವರ್ಷಗಳಲ್ಲಿ ಕೆಂಪು ಸ್ಪ್ರೂಸ್ ಮತ್ತೆ ಚೆನ್ನಾಗಿ ಬೆಳೆಯುತ್ತಿದೆ. ಈ ಇಡೀ ವಿಷಯದಲ್ಲಿ ಸಂತೋಷದಿಂದ ಬರೆಯಬಹುದಾದ ಪ್ಯಾರಾ ಇದೊಂದೇ.

ಪ್ರಶ್ನೆ: ಹಾರ್ಟ್ಸ್ ಬೆಟ್ಟದ ಸ್ಪ್ರೂಸ್ ಈಗ ಬಹುಪಾಲು ಸತ್ತಿದೆ. ಅದು ದುಂಬಿ ಮತ್ತು ಬರದ ಕೆಲಸ. ಇನ್ನೂ ಮಣ್ಣನ್ನು ದೂರುವುದು ಹಳೇ ರಾಗವಲ್ಲವೇ?
— ಓದುಗರು, ಬೆಂಗಳೂರು

ಉತ್ತರ: ಅರ್ಧ ಒಪ್ಪುತ್ತೇವೆ. 2018ರಿಂದ 2020ರ ಬರದಲ್ಲಿ ಒಳ್ಳೆಯ ಮಣ್ಣಿನ ಸ್ಪ್ರೂಸೂ ಸತ್ತಿತು, ಸುಣ್ಣ ಹಾಕಿದಲ್ಲೂ ಸತ್ತಿತು. ಮರ ತೊಗಟೆ ದುಂಬಿಯನ್ನು ಓಡಿಸುವುದು ರಾಳ ಒಸರಿಸಿ. ರಾಳದ ಒತ್ತಡಕ್ಕೆ ಮರದೊಳಗೆ ನೀರು ಬೇಕು. ಬೇರು ಎಷ್ಟು ಆಳಕ್ಕಿದೆ ಎಂಬುದು ಆ ನೀರು ಎಷ್ಟು ವಾರ ಬರುತ್ತದೆಂದು ತೀರ್ಮಾನಿಸುತ್ತದೆ; ಮಣ್ಣಿನ ಪಾತ್ರ ಅಲ್ಲಿದೆ. ಮಳೆಯೇ ಇಲ್ಲದ ಮೂರನೆಯ ಬೇಸಿಗೆಯಲ್ಲಿ ಆ ವ್ಯತ್ಯಾಸವೂ ಅಳಿಸಿಹೋಗುತ್ತದೆ. ಹಾರ್ಟ್ಸ್‌ನ ತಗ್ಗಿನ ಇಳಿಜಾರುಗಳು ಮೂಲತಃ ಬೀಚ್ ಮರದ ನೆಲೆ, ಅಲ್ಲಿ ಸ್ಪ್ರೂಸ್ ಗಣಿಗಾರಿಕೆಯ ಕಾಲದಲ್ಲಿ ನೆಟ್ಟದ್ದು ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ: ಫ್ರೈಬುರ್ಗ್ ಬಳಿ ಪತ್ನಿಯ ತವರಿನವರಿಗೆ 2 ಹೆಕ್ಟೇರ್ ಸ್ಪ್ರೂಸ್ ಇದೆ. ಮಣ್ಣು ಪರೀಕ್ಷೆಗೆ ಮಾದರಿ ಹೇಗೆ ತೆಗೆಯಬೇಕು? ಮುಂದೆ ಏನು ನೆಡಬೇಕು?
— ಓದುಗರು, ಫ್ರೈಬುರ್ಗ್

ಉತ್ತರ: ಹೆಚ್ಚಿನವರು ಮಾಡುವ ತಪ್ಪು ಹೊಲದಂತೆ 20 ಸೆಂ.ಮೀ. ಅಗೆದು ಎಲ್ಲ ಕಲಸುವುದು. ಹಾಗೆ ಮಾಡಿದರೆ ಹ್ಯೂಮಸ್ ಮತ್ತು ಖನಿಜ ಮಣ್ಣು ಬೆರೆತು ಏನೂ ತಿಳಿಯದ ಸರಾಸರಿ ಬರುತ್ತದೆ. ಪದರ ಪದರ ಬೇರೆ ತೆಗೆಯಿರಿ: ಹೊಸ ಸೂಜಿ ಉದುರನ್ನು ಸರಿಸಿ ಹ್ಯೂಮಸ್ ಒಂದು ಚೀಲ, ಅದರ ಕೆಳಗೆ ಖನಿಜ ಮಣ್ಣು 0–5, 5–10, 10–30, 30–60 ಸೆಂ.ಮೀ. ಒಂದೊಂದು ಚೀಲ. 8–10 ಜಾಗದಿಂದ ತೆಗೆದು ಒಂದೇ ಆಳದವನ್ನು ಮಾತ್ರ ಬೆರೆಸಿ. ಕಾಂಡದಿಂದ ಕನಿಷ್ಠ ಒಂದು ಮೀಟರ್ ದೂರ ಇರಲಿ. ಸುಣ್ಣಕಲ್ಲಿನ ಜಲ್ಲಿ ಹಾಸಿದ ರಸ್ತೆಯ ಪಕ್ಕ ತೆಗೆಯಬೇಡಿ. ಧೂಳು ಫಲಿತಾಂಶವನ್ನೇ ತಿರುಗಿಸುತ್ತದೆ.

ಪ್ರಯೋಗಾಲಯಕ್ಕೆ ‘ಅರಣ್ಯ ಮಣ್ಣು’ ಎಂದು ಹೇಳಿ, ಅಮೋನಿಯಂ ಕ್ಲೋರೈಡ್ ದ್ರಾವಣದಲ್ಲಿ ವಿನಿಮಯವಾಗುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ, ಅಲ್ಯೂಮಿನಿಯಂ ಅಳೆಯಲು ಕೇಳಿ. ರಸಸಾರವನ್ನು ನೀರಿನಲ್ಲಿ ಅಳೆದರೋ, ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲೋ ಎಂದು ಬರೆಸಿಕೊಳ್ಳಿ. ಎರಡನೆಯದು ಸಾಮಾನ್ಯವಾಗಿ ಅರ್ಧದಿಂದ ಒಂದು ಅಂಕ ಕಡಿಮೆ ತೋರಿಸುತ್ತದೆ. ಇದನ್ನು ಗಮನಿಸದೆ ಎರಡು ವರದಿ ಹೋಲಿಸಿ ಗಾಬರಿಯಾದವರಿದ್ದಾರೆ.

ಸೂಜಿ ಪರೀಕ್ಷೆ ಅಕ್ಟೋಬರ್ ನಂತರ, ಬೆಳವಣಿಗೆ ನಿಂತ ಮೇಲೆ. ಬಿಸಿಲಿಗೆ ತೆರೆದ ರೆಂಬೆಗಳಿಂದ, ಮರದ ತುದಿಯಿಂದ ಎಣಿಸಿ ರೆಂಬೆಗಳ 7ನೇ ಸುತ್ತು ಅಥವಾ ಅದರ ಕೆಳಗಿನದರಿಂದ ತೆಗೆಯಬೇಕು. ಈ ವರ್ಷದ ಸೂಜಿ, ಹಿಂದಿನ ವರ್ಷದ ಸೂಜಿ ಬೇರೆ ಬೇರೆ ಚೀಲಕ್ಕೆ. ಒಣತೂಕದ ಪ್ರತಿ ಗ್ರಾಂಗೆ ಮೆಗ್ನೀಸಿಯಂ 0.6–0.7 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ. ಕಣ್ಣಿಗೆ ಹಳದಿ ಕಾಣುವಷ್ಟರಲ್ಲಿ ಅದು ಇನ್ನೂ ಕೆಳಗೆ ಹೋಗಿರುತ್ತದೆ. ಸಾರಜನಕವನ್ನು ಮೆಗ್ನೀಸಿಯಂನಿಂದ ಭಾಗಿಸಿ. 30 ದಾಟಿದರೆ ಸಮತೋಲ ಕೆಟ್ಟಿದೆ.

ಮರ ಎಳೆಯಲು ಯಂತ್ರವನ್ನು ಕಾಡಿನೊಳಗೆ ಮನಬಂದಂತೆ ಓಡಿಸಬೇಡಿ. 20 ಅಥವಾ 40 ಮೀಟರಿಗೊಂದು ಕಾಯಂ ದಾರಿ ಗುರುತಿಸಿ, ಅದರಲ್ಲೇ ಓಡಾಡಲಿ. ಒಮ್ಮೆ ಅಮುಕಿದ ಒದ್ದೆ ಮಣ್ಣು ದಶಕಗಳವರೆಗೆ ಸಡಿಲವಾಗದು. ನಾಟಿಗೆ ಸ್ಪ್ರೂಸ್‌ನ ನೆರಳಲ್ಲೇ ಸಿಲ್ವರ್ ಫರ್ ಮತ್ತು ಬೀಚ್ ಇಡಿ. ಸಿಲ್ವರ್ ಫರ್ ಬೇರು ಆಳಕ್ಕಿಳಿದು ಅಲ್ಲಿಂದ ಕ್ಯಾಲ್ಸಿಯಂ ಎತ್ತಿ ತರುತ್ತದೆ. ಬಯಲಾದ ಜಾಗದಲ್ಲಿ ರೋವನ್ ಎಂಬ ಚಿಕ್ಕ ಮರ ತಾನಾಗಿ ಬಂದರೆ ಕಳೆ ಎಂದು ಕಡಿಯಬೇಡಿ. ಅದರ ಎಲೆ ಬೇಗ ಕೊಳೆತು ಮೇಲ್ಮಣ್ಣಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೊಡುತ್ತದೆ. ಬೇಲಿ ಹಾಕದಿದ್ದರೆ ಫರ್ ಸಸಿ ಜಿಂಕೆ ಪಾಲು.

ಪ್ರಶ್ನೆ: ಹಿಮಾಚಲದಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿ ‘ರಾಯಿ’ ಎನ್ನುವ ಹಿಮಾಲಯನ್ ಸ್ಪ್ರೂಸ್ ಕಾಡಿನಲ್ಲಿ ದೊಡ್ಡ ಮರಗಳಿವೆ, ಸಸಿಗಳೇ ಕಾಣುವುದಿಲ್ಲ. ಇದೂ ಆಮ್ಲಮಳೆಯೇ?
— ಓದುಗರು, ಶಿಮ್ಲಾ

ಉತ್ತರ: ಆ ದಿಕ್ಕಿಗೆ ಹೋಗುವ ಮುನ್ನ ನೆಲದ ಹಾಸನ್ನು ಅಳೆದು ನೋಡಿ. ತಂಪು, ನೆರಳಿನ ಇಳಿಜಾರಿನಲ್ಲಿ ಕೊಳೆಯದ ಸೂಜಿಯ ದಪ್ಪ ಪದರ ಕೂಡುತ್ತದೆ. ಬೀಜ ಅದರ ಮೇಲೆ ಬಿದ್ದು ಮೊಳೆಯುತ್ತದೆ, ಆದರೆ ಎಳೆಬೇರು ಖನಿಜ ಮಣ್ಣು ಮುಟ್ಟುವ ಮೊದಲೇ ಹಾಸು ಒಣಗಿ ಸಸಿ ಸಾಯುತ್ತದೆ. ಅದರ ಮೇಲೆ ಕಳೆಯ ನೆರಳು, ಕುರಿ–ಮೇಕೆಗಳ ಮೇವು. ಹಿಮಾಲಯದ ಸ್ಪ್ರೂಸ್ ಮತ್ತು ಫರ್ ಪುನರುತ್ಪತ್ತಿ ಸೋಲುವುದಕ್ಕೆ ಅರಣ್ಯಾಧಿಕಾರಿಗಳು ಬಹುಕಾಲದಿಂದ ಕೊಡುತ್ತಿರುವ ಕಾರಣಗಳು ಇವೇ.

ಮಾಡಬೇಕಾದದ್ದು ಇಷ್ಟು: ಕಾಯಿ ಚೆನ್ನಾಗಿ ಹಿಡಿದ ವರ್ಷ, ಬೀಜ ಉದುರುವ ಮೊದಲು, ಅಲ್ಲಲ್ಲಿ ಒಂದು ಮೀಟರ್ ಅಗಲದ ತೇಪೆಗಳಲ್ಲಿ ಹಾಸನ್ನು ಸರಿಸಿ ಖನಿಜ ಮಣ್ಣು ಕಾಣುವಂತೆ ಮಾಡಿ, ಕಳೆ ಕಿತ್ತು, ಆ ಜಾಗಕ್ಕೆ ಕೆಲವು ವರ್ಷ ಜಾನುವಾರು ಬರದಂತೆ ಕಟ್ಟು ಮಾಡಿ. ಸರಿಸಿದ ಹಾಸನ್ನು ಹೊರಗೆ ಸಾಗಿಸಬೇಡಿ, ಪಕ್ಕದಲ್ಲೇ ಬಿಡಿ. ಬಿದ್ದು ಕೊಳೆಯುತ್ತಿರುವ ದಿಮ್ಮಿಗಳನ್ನೂ ಎತ್ತಿಸಬೇಡಿ. ಬವೇರಿಯನ್ ಫಾರೆಸ್ಟ್‌ನ ಎತ್ತರದಲ್ಲಿ ಸ್ಪ್ರೂಸ್ ಸಸಿಗಳು ಅಂಥ ದಿಮ್ಮಿಗಳ ಮೇಲೆಯೇ ಸಾಲಾಗಿ ಏಳುತ್ತವೆ. ಕಳೆಯ ಪೈಪೋಟಿ ಅಲ್ಲಿ ಕಡಿಮೆ, ತೇವ ಹೆಚ್ಚು ದಿನ ಉಳಿಯುತ್ತದೆ.